ಗುಂಪು ಹೊಡೆದು ಕೊಂದಾಗ ಕೊಲೆಗಾರ ಯಾರು?

2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಆ ಮೈದಾನದ ಬಳಿ ವಯನಾಡು ಮೂಲದ, ಗುಜರಿ ಆಯ್ದು ಬದುಕುತ್ತಿದ್ದ ಒಬ್ಬ ವ್ಯಕ್ತಿಯನ್ನು ಗುಂಪೊಂದು ಹೊಡೆದು ಕೊಂದಿತು. ಹೆಣ ಸಿಕ್ಕಾಗ ಪೊಲೀಸರು ಬರೆದುಕೊಂಡದ್ದು ಯುಡಿಆರ್, ಅಂದರೆ ಅಸಹಜ ಸಾವು ಅಂತ. ಮರಣೋತ್ತರ ಪರೀಕ್ಷೆಯಲ್ಲಿ ಮೈತುಂಬ ಏಟಿನ ಗಾಯಗಳು ಕಂಡವು. ಆಮೇಲೆ ಅದು ಕೊಲೆ ಪ್ರಕರಣವಾಯಿತು. ಕರ್ತವ್ಯಲೋಪದ ಮೇಲೆ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಹೊಸ ಭಾರತೀಯ ನ್ಯಾಯ ಸಂಹಿತೆಯ ಗುಂಪು ಹತ್ಯೆ ಕಲಂ, 103(2), ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾದದ್ದು ಈ ಪ್ರಕರಣದಿಂದಲೇ.

ಇಂಥ ಘಟನೆ ನಡೆದಾಗೆಲ್ಲ ಚಹಾದಂಗಡಿಯಿಂದ ಟಿವಿ ಚರ್ಚೆಯವರೆಗೆ ಒಂದೇ ಮಾತು ಕೇಳಿಸುತ್ತದೆ. ಅಷ್ಟು ಜನ ಹೊಡೆದರು, ಯಾರ ಏಟಿಗೆ ಸತ್ತ ಅಂತ ಹೇಗೆ ಹೇಳೋದು? ಒಬ್ಬ ಬ್ಯಾಟ್ ಬೀಸಿದ, ಇನ್ನೊಬ್ಬ ಒದ್ದ, ಮತ್ತೊಬ್ಬ ಸುಮ್ನೆ ಕೈ ಹಿಡಿದುಕೊಂಡಿದ್ದ. ಎಲ್ಲರೂ ಕೊಲೆಗಾರರೇ?

ಈ ಪ್ರಶ್ನೆಗೆ ಕಾನೂನು 1860ರಲ್ಲೇ ಉತ್ತರ ಕೊಟ್ಟಿದೆ. ಯಾರ ಏಟಿಗೆ ಜೀವ ಹೋಯಿತು ಅನ್ನುವುದನ್ನು ಸಾಬೀತು ಮಾಡಲೇಬೇಕು ಅಂತ ನಮ್ಮ ಕಾನೂನು ಕೇಳುವುದೇ ಇಲ್ಲ. ಅದು ಕೇಳುವುದು ಬೇರೆ ಪ್ರಶ್ನೆ: ಇವನು ಆ ಗುಂಪಿಗೆ ಸೇರಿದವನೋ, ಅಥವಾ ಅಲ್ಲಿ ಸುಮ್ನೆ ನಿಂತಿದ್ದವನೋ? ಗುಂಪು ಹತ್ಯೆಯ ಆರೋಪಿಗಳು ಬಿಡುಗಡೆಯಾದಾಗ ನಾವು ಕಾನೂನು ದುರ್ಬಲ ಅಂತ ಬೈಯುತ್ತೇವೆ. ನನ್ನ ಪ್ರಕಾರ ತಪ್ಪು ಅಲ್ಲಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಮೊದಲ ಕೆಲವು ದಿನಗಳಲ್ಲಿ. ಆ ದಿನಗಳಲ್ಲಿ ನಮ್ಮ ಠಾಣೆಗಳು ಮಾಡಬೇಕಾದ ಕೆಲಸ ಮಾಡುವುದಿಲ್ಲ.

ಐದು ಜನ, ಒಂದು ಉದ್ದೇಶ

ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 149ನೇ ಕಲಂ ಕೋರ್ಟಿನ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಈಗ ಅದೇ ಮಾತು ನ್ಯಾಯ ಸಂಹಿತೆಯ 190ನೇ ಕಲಂನಲ್ಲಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ, ಅಪರಾಧ ಮಾಡುವ ಉದ್ದೇಶ ಎಲ್ಲರಿಗೂ ಇದ್ದರೆ, ಅದು ಅಕ್ರಮ ಕೂಟ. ಆ ಉದ್ದೇಶ ಸಾಧಿಸಲು ಕೂಟದ ಒಬ್ಬ ಸದಸ್ಯ ಏನು ಅಪರಾಧ ಮಾಡಿದರೂ ಎಲ್ಲ ಸದಸ್ಯರೂ ಅದಕ್ಕೆ ಹೊಣೆ. ಅದೇ ಕಲಂಗೆ ಇನ್ನೊಂದು ಭಾಗವಿದೆ. ಗುಂಪು ಹತ್ಯೆಗಳಲ್ಲಿ ಜಾಸ್ತಿ ಮುಖ್ಯವಾಗುವುದು ಅದೇ. ಕೊಲ್ಲುವುದೇ ಉದ್ದೇಶ ಆಗಿರದಿದ್ದರೂ, ಇಲ್ಲಿ ಸಾವು ಸಂಭವಿಸಬಹುದು ಅಂತ ಗೊತ್ತಿದ್ದೂ ಗುಂಪಿನಲ್ಲಿ ಉಳಿದವನು ಆ ಸಾವಿಗೆ ಹೊಣೆಯಾಗುತ್ತಾನೆ.

ಹಾಗಾಗಿ "ಎರಡೇಟು ಹಾಕಿ ಬುದ್ಧಿ ಕಲಿಸೋಣ ಅಂದುಕೊಂಡೆವು, ಸಾಯಿಸುವ ಮನಸ್ಸಿರಲಿಲ್ಲ" ಅನ್ನುವ ವಾದ ತಾನಾಗಿ ಗೆಲ್ಲುವುದಿಲ್ಲ. ಮೂವತ್ತು ಜನ ಬ್ಯಾಟು, ದೊಣ್ಣೆ ಹಿಡಿದು ಒಬ್ಬನನ್ನು ನೆಲಕ್ಕೆ ಕೆಡವಿದಾಗ ಅವನು ಸಾಯಬಹುದು ಅಂತ ಯಾರಿಗೆ ತಿಳಿಯುವುದಿಲ್ಲ?

ಮೊದಲೇ ಸಂಚು ಮಾಡಿರಬೇಕು ಅಂತಲೂ ಇಲ್ಲ. ಜಾತ್ರೆಗೋ ಪಂದ್ಯ ನೋಡುವುದಕ್ಕೋ ಸೇರಿದ ಜನ ನಡುವೆ ಅಕ್ರಮ ಕೂಟವಾಗಿ ಬದಲಾಗಬಹುದು ಅಂತ ಕಾನೂನೇ ಹೇಳುತ್ತದೆ. ಗುಂಪಿನ ಉದ್ದೇಶ ಗೊತ್ತಾದ ಮೇಲೂ ಬೇಕೆಂದೇ ಸೇರಿಕೊಂಡವನು, ಬೇಕೆಂದೇ ಉಳಿದವನು ಸದಸ್ಯ. ಗೊತ್ತಾದ ಕೂಡಲೇ ಬಿಟ್ಟು ಹೊರಟವನು ಆ ಹೊತ್ತಿನಿಂದ ಸದಸ್ಯನಲ್ಲ. ಈ ಸಣ್ಣ ವ್ಯತ್ಯಾಸದ ಮೇಲೆ ಎಷ್ಟೋ ಜನರ ಬದುಕು ನಿಂತಿದೆ.

ಐದು ಜನ ಅನ್ನುವ ಲೆಕ್ಕದಲ್ಲೂ ಒಂದು ವಿಷಯವಿದೆ. ಹತ್ತು ಜನರ ಮೇಲೆ ಆರೋಪ ಹೊರಿಸಿ, ಆರು ಜನ ಖುಲಾಸೆಯಾಗಿ, ನಾಲ್ವರು ಉಳಿದರೆ? ಗುಂಪಿನಲ್ಲಿದ್ದದ್ದು ಆ ಹತ್ತೇ ಜನ ಅಂತ ಪ್ರಾಸಿಕ್ಯೂಷನ್ ಹೇಳಿದ್ದರೆ ಅಕ್ರಮ ಕೂಟವೇ ಬಿದ್ದುಹೋಗುತ್ತದೆ. ಗುರುತು ಸಿಗದ ಇನ್ನೂ ಹಲವರಿದ್ದರು ಅಂತ ಸಾಕ್ಷ್ಯ ತೋರಿಸಿದರೆ ನಾಲ್ವರ ಮೇಲೂ ಕಲಂ ನಿಲ್ಲುತ್ತದೆ. ಎಫ್‌ಐಆರ್ ಬರೆಯುವಾಗ "ಇತರರು" ಅನ್ನುವ ಒಂದು ಪದ ಇರುವುದಕ್ಕೂ ಇಲ್ಲದ್ದಕ್ಕೂ ಇಷ್ಟು ವ್ಯತ್ಯಾಸ ಆಗಬಹುದು.

ಐದಕ್ಕಿಂತ ಕಡಿಮೆ ಜನ ಇದ್ದಾಗ ಬಳಸುವುದು ಹಳೆಯ 34ನೇ ಕಲಂ, ಈಗಿನ 3(5). ಅಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದೇ ಇರಾದೆ ಇತ್ತು, ಎಲ್ಲರೂ ಏನಾದರೂ ಪಾಲು ವಹಿಸಿದರು ಅಂತ ತೋರಿಸಬೇಕು. ಇದಕ್ಕೆ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಹೇಳಿಕೊಡುವ ಪ್ರಕರಣ ಕಲ್ಕತ್ತಾದ ಶಂಕರಿಟೋಲಾ ಅಂಚೆ ಕಚೇರಿಯದು. 1923ರ ಆಗಸ್ಟ್‌ನಲ್ಲಿ ಹಣ ಎಣಿಸುತ್ತಿದ್ದ ಪೋಸ್ಟ್ ಮಾಸ್ಟರ್‌ನನ್ನು ದರೋಡೆಗೆ ಬಂದವರು ಗುಂಡಿಟ್ಟು ಕೊಂದರು. ಸಿಕ್ಕಿಬಿದ್ದವನು, ನಾನು ಹೊರಗೆ ಅಂಗಳದಲ್ಲಿ ಹೆದರಿಕೊಂಡು ನಿಂತಿದ್ದೆ, ಗುಂಡು ಹಾರಿಸಿದ್ದು ನಾನಲ್ಲ ಅಂದ. ಪ್ರಕರಣ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಒಂದು ಕೆಲಸಕ್ಕೆ ಜೊತೆಗೆ ಬಂದು ಕಾವಲು ನಿಂತವನೂ ಆ ಕೆಲಸದ ಪಾಲುದಾರನೇ ಅಂತ ಅಲ್ಲಿ ತೀರ್ಮಾನವಾಯಿತು.

ನೋಡುತ್ತ ನಿಂತವನು

ಕಾನೂನು ಇಷ್ಟು ಅಗಲವಾದ ಬಲೆ ಬೀಸುವುದರಿಂದ ಅಪಾಯವೂ ಇದೆ. ಗಲಾಟೆ ಆದಾಗ ಊರಿನ ಅರ್ಧ ಜನ ಅಲ್ಲಿಗೆ ಓಡುತ್ತಾರೆ. ಏನಾಯಿತು ಅಂತ ನೋಡಲು ಬಂದವರು, ಬಿಡಿಸಲು ಬಂದವರು, ಮಗ ಅಲ್ಲಿದ್ದಾನೇನೋ ಅಂತ ಹುಡುಕಿಕೊಂಡು ಬಂದವರು. ಹಳೇ ದ್ವೇಷ ಇರುವ ಊರಾದರೆ ಎದುರು ಪಾರ್ಟಿಯ ಮನೆಯ ಎಲ್ಲ ಗಂಡಸರ ಹೆಸರನ್ನೂ ದೂರಿನಲ್ಲಿ ಸೇರಿಸುವ ಅಭ್ಯಾಸ ನಮ್ಮಲ್ಲಿ ಹೊಸದಲ್ಲ.

ಸುಪ್ರೀಂ ಕೋರ್ಟ್ ಇದನ್ನು ಮೊದಲಿನಿಂದ ಗಮನಿಸುತ್ತ ಬಂದಿದೆ. 1950ರ ದಶಕದಲ್ಲಿ ಬಲದೀನ್ ಪ್ರಕರಣದಲ್ಲಿ, ಬರೀ ಅಲ್ಲಿ ಇದ್ದ ಮಾತ್ರಕ್ಕೆ ಯಾರೂ ಅಕ್ರಮ ಕೂಟದ ಸದಸ್ಯನಾಗುವುದಿಲ್ಲ ಅಂತ ಹೇಳಿತು. 1964ರ ಮಸಾಲ್ತಿ ಪ್ರಕರಣದಲ್ಲಿ ಅದನ್ನು ಸ್ವಲ್ಪ ಸರಿಮಾಡಿತು. ಪ್ರತಿಯೊಬ್ಬನೂ ಕೈಯಾರೆ ಏನಾದರೂ ಮಾಡಿದ್ದಾನೆ ಅಂತ ತೋರಿಸಬೇಕಿಲ್ಲ, ಉದ್ದೇಶದಲ್ಲಿ ಪಾಲಿದ್ದರೆ ಸಾಕು ಅಂತು. ಆದರೆ ದೊಡ್ಡ ಗುಂಪಿನ ಪ್ರಕರಣಗಳಲ್ಲಿ ಒಬ್ಬ ಸಾಕ್ಷಿಯ ಮಾತಿಗಿಂತ, ಎರಡು ಮೂರು ಸಾಕ್ಷಿಗಳು ಒಬ್ಬನ ಬಗ್ಗೆ ಒಂದೇ ರೀತಿ ಹೇಳಿದಾಗ ಶಿಕ್ಷೆ ಕೊಡುವುದು ಕ್ಷೇಮ ಅನ್ನುವ ಅಳತೆಯನ್ನೂ ಇಟ್ಟಿತು. ಅರವತ್ತು ವರ್ಷಗಳಾದರೂ ಕೋರ್ಟುಗಳು ಈ ಅಳತೆಯನ್ನೇ ಬಳಸುತ್ತಿವೆ.

2025ರಲ್ಲಿ ಎರಡು ತೀರ್ಪುಗಳು ಮತ್ತೆ ಅದನ್ನೇ ಒತ್ತಿ ಹೇಳಿದವು. ಗುಜರಾತಿನ 2002ರ ಗಲಭೆಯ ವಡೋದ್ ಗ್ರಾಮದ ಪ್ರಕರಣದಲ್ಲಿ ಮಾರ್ಚ್‌ನಲ್ಲಿ ಆರು ಜನರನ್ನು ಬಿಡುಗಡೆ ಮಾಡುತ್ತ, ಗುಂಪು ಘರ್ಷಣೆಗಳಲ್ಲಿ ನಿರಪರಾಧಿ ಪ್ರೇಕ್ಷಕನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ನ್ಯಾಯಾಲಯದ ಭಾರವಾದ ಹೊಣೆ ಅಂದಿತು. ಅಕ್ಟೋಬರ್‌ನಲ್ಲಿ ಬಿಹಾರದ 1988ರ ಪ್ರಕರಣವೊಂದರಲ್ಲಿ ಶಿಕ್ಷೆ ರದ್ದು ಮಾಡುವಾಗಲೂ ಇದೇ ಮಾತು ಬಂತು.

ಈ ಎಚ್ಚರ ಇರಬೇಕಾದ್ದೇ. ನೊಂದವರ ಪರ ಮಾತಾಡುವವರಲ್ಲಿ ಕೆಲವರು ಇದನ್ನು ಕೋರ್ಟಿನ ಮೃದುತ್ವ ಅಂತ ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರು ಬಂದರು, ಯಾರ ಕೈಯಲ್ಲಿ ಏನಿತ್ತು, ಯಾರು ಕೂಗಿ ಕರೆದರು, ಯಾರು ದಾರಿ ಅಡ್ಡಗಟ್ಟಿದರು ಅಂತ ಬೇರೆಬೇರೆಯಾಗಿ ಬರೆಯದ ಚಾರ್ಜ್‌ಶೀಟು ಎರಡು ಅನ್ಯಾಯ ಮಾಡುತ್ತದೆ. ನಿರಪರಾಧಿಯನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುತ್ತದೆ. ನಿಜವಾಗಿ ಹೊಡೆದವನಿಗೆ ಸಂಶಯದ ಲಾಭ ಕೊಡಿಸುತ್ತದೆ. ನಲವತ್ತು ಹೆಸರು ಬರೆದು ಎಲ್ಲರಿಗೂ ಒಂದೇ ಸಾಲು ಹಾಕಿದರೆ ಒಬ್ಬನ ವಿರುದ್ಧವೂ ಗಟ್ಟಿ ಕೇಸಿಲ್ಲ ಅಂತಲೇ ಅರ್ಥ.

ಹೊಸ ಕಲಂ ಏನು ಕೊಟ್ಟಿತು?

2018ರ ಜುಲೈ 17ರಂದು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಪೀಠ, ಗುಂಪು ಹತ್ಯೆಗೆ ಪ್ರತ್ಯೇಕ ಅಪರಾಧ ಸೃಷ್ಟಿಸಿ ಅಂತ ಸಂಸತ್ತಿಗೆ ಶಿಫಾರಸು ಮಾಡಿತು. ಮಣಿಪುರ ವಿಧಾನಸಭೆ ಆ ವರ್ಷವೇ ಮಸೂದೆ ಪಾಸು ಮಾಡಿತು. ಆಮೇಲೆ ರಾಜಸ್ಥಾನ, ಪಶ್ಚಿಮ ಬಂಗಾಳ, ಜಾರ್ಖಂಡ್ ವಿಧಾನಸಭೆಗಳೂ ಮಸೂದೆ ಪಾಸು ಮಾಡಿದವು. ಜಾರ್ಖಂಡ್ ಮಸೂದೆಯಲ್ಲಿ ಇಬ್ಬರಿದ್ದರೂ ಗುಂಪು ಅಂತ ಬರೆದದ್ದಕ್ಕೆ ರಾಜ್ಯಪಾಲರು ಆಕ್ಷೇಪ ಎತ್ತಿ ವಾಪಸು ಕಳಿಸಿದರು. ಕೇಂದ್ರದ ಉತ್ತರ ಬಂದದ್ದು 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ.

103(2) ಹೇಳುವುದಿಷ್ಟು. ಐದು ಅಥವಾ ಹೆಚ್ಚು ಜನರ ಗುಂಪು ಒಟ್ಟಾಗಿ ವರ್ತಿಸಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಬೇರೆ ಕಾರಣಕ್ಕೆ ಕೊಲೆ ಮಾಡಿದರೆ, ಪ್ರತಿಯೊಬ್ಬ ಸದಸ್ಯನಿಗೂ ಗಲ್ಲು ಅಥವಾ ಜೀವಾವಧಿ, ಜೊತೆಗೆ ದಂಡ. ತೀವ್ರ ಗಾಯ ಮಾತ್ರ ಆಗಿದ್ದರೆ 117(4)ರ ಪ್ರಕಾರ ಏಳು ವರ್ಷದವರೆಗೆ ಜೈಲು.

ಓದಿದರೆ ಗಟ್ಟಿ ಕಾನೂನು ಅನ್ನಿಸುತ್ತದೆ, ಅಲ್ವಾ? ಆದರೆ ಸಾಮಾನ್ಯ ಕೊಲೆಗೂ, 103(1)ರಲ್ಲಿ, ಶಿಕ್ಷೆ ಇದೇ. 190ರ ಜೊತೆ ಸೇರಿಸಿದರೆ ಗುಂಪಿನ ಪ್ರತಿಯೊಬ್ಬನಿಗೂ ಇದೇ ಶಿಕ್ಷೆ ಆಗಲೇ ಇತ್ತು. ಹೊಸ ಕಲಂ ಶಿಕ್ಷೆ ಹೆಚ್ಚಿಸಲಿಲ್ಲ, ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಾದ್ದನ್ನು ಹೆಚ್ಚಿಸಿತು. ಈಗ ಕೊಲೆ ಆಯಿತು, ಇವನು ಗುಂಪಿನಲ್ಲಿದ್ದ ಅಂತ ತೋರಿಸಿದರೆ ಸಾಲದು. ಪಟ್ಟಿಯಲ್ಲಿರುವ ಕಾರಣಕ್ಕೇ ಕೊಂದರು ಅಂತಲೂ ತೋರಿಸಬೇಕು. ಧರ್ಮ ಅನ್ನುವ ಪದ ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಸಮುದಾಯ, ವೈಯಕ್ತಿಕ ನಂಬಿಕೆ ಅನ್ನುವ ಪದಗಳ ಮೂಲಕ ಅದನ್ನು ತರಬೇಕು.

ಮಕ್ಕಳ ಕಳ್ಳ ಅನ್ನುವ ವದಂತಿಗೆ ಸತ್ತವರ ಕಥೆ ಏನಾಗುತ್ತದೆ ನೋಡಿ. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷೆಗೆ ಬಂದ ಅಲೆಮಾರಿ ಸಮುದಾಯದ ಐವರನ್ನು ಕೊಂದರು. ಅದೇ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಕಾರಿನಲ್ಲಿ ಬಂದಿದ್ದವರ ಮೇಲೆ ಅನುಮಾನ ಹುಟ್ಟಲು ಕಾರಣ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದಿತ್ತು. ಇಂಥ ಕೊಲೆ ಇವತ್ತು ನಡೆದರೆ 103(2)ಕ್ಕೆ ಸೇರುತ್ತದಾ? ಸತ್ತವರು ಪರಸ್ಥಳದವರು, ಭಾಷೆ ಬೇರೆ. ಅದಕ್ಕೇ ಅನುಮಾನ ಬಂತು ಅಂತ ವಾದಿಸಬಹುದು. ಇಲ್ಲ, ಮಕ್ಕಳ ಕಳ್ಳ ಅಂದುಕೊಂಡು ಹೊಡೆದರು, ಅದು ಪಟ್ಟಿಯಲ್ಲಿಲ್ಲ ಅಂತ ಆರೋಪಿಗಳ ವಕೀಲರು ಹೇಳುತ್ತಾರೆ. "ಅಂಥದ್ದೇ ಬೇರೆ ಕಾರಣ" ಅನ್ನುವ ಮಾತಿನೊಳಗೆ ಏನೆಲ್ಲ ಸೇರುತ್ತದೆ ಅನ್ನುವುದರ ಮೇಲೆ ವರ್ಷಗಟ್ಟಲೆ ವಾದ ನಡೆಯುತ್ತದೆ. ಕಳ್ಳತನದ ಅನುಮಾನಕ್ಕೆ ಕಂಬಕ್ಕೆ ಕಟ್ಟಿ ಹೊಡೆದ ಪ್ರಕರಣಗಳಿಗೂ ಇದೇ ತೊಡಕು.

ಹಾಗಂತ ಈ ಕಲಂ ಬೇಡ ಅನ್ನುತ್ತಿಲ್ಲ. ಗುರುತಿನ ಕಾರಣಕ್ಕೆ ಕೊಲ್ಲುವುದು ಬೇರೆಯೇ ತರದ ಅಪರಾಧ ಅಂತ ಕಾನೂನು ಒಪ್ಪಿಕೊಂಡದ್ದು ದೊಡ್ಡ ವಿಷಯ. ಪ್ರತ್ಯೇಕ ಕಲಂ ಇದ್ದರೆ ಪ್ರಕರಣಗಳ ಲೆಕ್ಕವಾದರೂ ಸಿಗುತ್ತದೆ. ಆದರೆ ತನಿಖಾಧಿಕಾರಿ 103(2) ಒಂದನ್ನೇ ನಂಬಿ ಕೂರಬಾರದು. 103(1)ನ್ನು 190ರ ಜೊತೆ ಸೇರಿಸಿ ಪರ್ಯಾಯ ಆರೋಪವನ್ನೂ ಹೊರಿಸಬೇಕು. ಕಾರಣ ಸಾಬೀತಾಗದಿದ್ದರೂ ಕೊಲೆ ನಿಲ್ಲುತ್ತದೆ. ಕುಡುಪುವಿನಂಥ ಪ್ರಕರಣಗಳಲ್ಲಿ ಸತ್ತವರ ಕಡೆಯ ವಕೀಲರು ಮೊದಲು ನೋಡಬೇಕಾದ್ದು ಇದನ್ನು.

ವಿಡಿಯೊ ಇತ್ತು, ಆದರೂ ಬಿಡುಗಡೆ

2017ರ ಏಪ್ರಿಲ್ 1ರಂದು ರಾಜಸ್ಥಾನದ ಬಹ್ರೋರ್ ಬಳಿ ಹೆದ್ದಾರಿಯಲ್ಲಿ ಹಸು ಸಾಗಿಸುತ್ತಿದ್ದ ಹರಿಯಾಣದ ಹೈನುಗಾರನನ್ನು ಹೊಡೆದರು. ಎರಡು ದಿನದ ಮೇಲೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊಡೆಯುವ ವಿಡಿಯೊ ಇಡೀ ದೇಶ ನೋಡಿತು. ಸಾಯುವ ಮುಂಚೆ ಅವರು ಆರು ಜನರ ಹೆಸರು ಹೇಳಿದ್ದರು. 2019ರ ಆಗಸ್ಟ್ 14ರಂದು ಅಲ್ವರ್‌ನ ನ್ಯಾಯಾಲಯ ವಿಚಾರಣೆಗೆ ನಿಂತಿದ್ದ ಆರೂ ಜನರನ್ನು ಬಿಟ್ಟಿತು.

ಹೇಗೆ? ಅವರು ಹೆಸರು ಹೇಳಿದ ಆರು ಜನರನ್ನು ತನಿಖೆಯ ನಡುವೆಯೇ ಕೈಬಿಡಲಾಗಿತ್ತು. ವಿಡಿಯೊದಿಂದ ಗುರುತಿಸಿದ ಬೇರೆಯವರನ್ನು ಕೋರ್ಟಿಗೆ ತಂದರು. ಆದರೆ ವಿಡಿಯೊ ತೆಗೆದ ಫೋನನ್ನು ಸರಿಯಾಗಿ ವಶಪಡಿಸಿಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಿಲ್ಲ. ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವ ಗುರುತು ಪತ್ತೆ ಪರೇಡ್ ನಡೆಸಲಿಲ್ಲ. ಸಾವಿಗೆ ಕಾರಣ ಏನು ಅನ್ನುವುದರಲ್ಲಿ ವೈದ್ಯರ ಹೇಳಿಕೆಗಳು ಒಂದಕ್ಕೊಂದು ಹೊಂದಲಿಲ್ಲ. ತೀರ್ಪು ತನಿಖೆಯ ಲೋಪಗಳ ಪಟ್ಟಿಯನ್ನೇ ಕೊಟ್ಟಿತು. ಮುಂದಿನ ವರ್ಷ ಅದೇ ಘಟನೆಯಲ್ಲಿ ಇಬ್ಬರು ಬಾಲಕರನ್ನು ಬಾಲನ್ಯಾಯ ಮಂಡಳಿ ತಪ್ಪಿತಸ್ಥರು ಅಂದಿತು. ದೊಡ್ಡವರೆಲ್ಲ ಹೊರಗೆ, ಹುಡುಗರಿಬ್ಬರು ತಪ್ಪಿತಸ್ಥರು.

ವಿಡಿಯೊ ಇದ್ದರೆ ಕೇಸು ಗೆದ್ದ ಹಾಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದ ತುಣುಕು ಕೋರ್ಟಿನಲ್ಲಿ ಹಾಗೇ ನಿಲ್ಲುವುದಿಲ್ಲ. ಅದು ಯಾವ ಸಾಧನದಲ್ಲಿ ಹುಟ್ಟಿತು, ಯಾರ ಬಳಿ ಇತ್ತು, ತಿದ್ದಿಲ್ಲ ಅನ್ನುವುದಕ್ಕೆ ಏನು ಆಧಾರ ಅಂತ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ. ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಕಲಂ. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲನ್ನು ಸ್ವಲ್ಪ ತಿದ್ದಿದರೂ ಬದಲಾಗುವ ಗುರುತಿನ ಸಂಖ್ಯೆಯನ್ನೂ, ಅದರಲ್ಲಿ ಬರೆಯಬೇಕು. ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮೂಲ ಫೋನು ಸಿಕ್ಕಿದ ದಿನವೇ ಮಹಜರು ಮಾಡಿ ಸೀಲು ಹಾಕಿದರೆ ಇದು ಒಂದು ಸಂಜೆಯ ಕೆಲಸ. ಒಂದು ತಿಂಗಳು ಬಿಟ್ಟರೆ ಫೋನು ಮಾರಿರುತ್ತಾರೆ, ರೀಸೆಟ್ ಮಾಡಿರುತ್ತಾರೆ.

ಗುರುತು ಪತ್ತೆ ಪರೇಡ್ ಕೂಡ ಹಾಗೇ. ಗುಂಪು ಹತ್ಯೆಯಲ್ಲಿ ಎಷ್ಟೋ ಸಲ ಸಾಕ್ಷಿಗೂ ಆರೋಪಿಗೂ ಮೊದಲಿನ ಪರಿಚಯ ಇರುವುದಿಲ್ಲ. ಹೆಸರು ಗೊತ್ತಿರುವುದಿಲ್ಲ, ಮುಖ ಮಾತ್ರ ನೆನಪಿರುತ್ತದೆ. ಬಂಧಿಸಿದವರ ಫೋಟೊ ಟಿವಿಯಲ್ಲಿ ಬಂದ ಮೇಲೆ ಪರೇಡ್ ನಡೆಸಿದರೆ, ಟಿವಿ ನೋಡಿ ಗುರುತಿಸಿದರು ಅಂತ ವಕೀಲರು ಒಂದೇ ಮಾತಿನಲ್ಲಿ ಅದನ್ನು ಕೆಡವುತ್ತಾರೆ. ಆರೋಪಿಗಳನ್ನು ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸುವ ಪೊಲೀಸ್ ಪತ್ರಿಕಾಗೋಷ್ಠಿಗಳು ಇಂಥ ಪ್ರಕರಣಗಳಲ್ಲಿ ಕೇಸಿಗೇ ಪೆಟ್ಟು.

ಇದಕ್ಕೆ ಎದುರಾಗಿ ಉತ್ತರ ಪ್ರದೇಶದ ಹಾಪುರ್ ಪ್ರಕರಣ ನೋಡಿ. 2018ರ ಜೂನ್‌ನಲ್ಲಿ ಗೋಹತ್ಯೆಯ ವದಂತಿಗೆ ಒಬ್ಬರನ್ನು ಕೊಂದರು, ಇನ್ನೊಬ್ಬ ವೃದ್ಧರನ್ನು ಸಾಯುವ ಹಾಗೆ ಹೊಡೆದರು. ಪೊಲೀಸರ ಮೊದಲ ಎಫ್‌ಐಆರ್‌ನಲ್ಲಿ ಇದ್ದದ್ದು ಬೈಕ್ ತಾಗಿದ್ದಕ್ಕೆ ಆದ ಜಗಳ ಅಂತ. ಬದುಕುಳಿದವರು ಸುಪ್ರೀಂ ಕೋರ್ಟಿಗೆ ಹೋದರು. ಹಿರಿಯ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ತನಿಖೆ ನಡೆಸಿ ಅಂತ ಆದೇಶವಾಯಿತು. ಆ ವೃದ್ಧರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದರು. 2024ರ ಮಾರ್ಚ್‌ನಲ್ಲಿ ಹತ್ತು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಬಳಸಿದ್ದು ಐಪಿಸಿಯ ಅದೇ ಹಳೆಯ ಕೊಲೆ ಕಲಂ 302, ಅದೇ 149. ಹೊಸ ಕಾನೂನು ಬೇಕಾಗಲಿಲ್ಲ.

ಕಂಬಾಲಪಲ್ಲಿ ಮತ್ತು ಮರಕುಂಬಿ

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 2000ನೇ ಇಸವಿಯ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಗುಂಪೊಂದು ಜೀವಂತ ಸುಟ್ಟಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಪ್ರತ್ಯಕ್ಷ ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆಯಿಂದ ಹಿಂದೆ ಸರಿದಿದ್ದರು. 2014ರಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನು ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಕಾನೂನಿನ ಕಣ್ಣಿನಲ್ಲಿ ಯಾರೂ ಇಲ್ಲ. ಸಾಕ್ಷಿಗಳನ್ನು ಬೈಯುವುದು ಸುಲಭ. ಆದರೆ ಅದೇ ಊರಿನಲ್ಲಿ, ಅದೇ ಜಮೀನಿನವರ ನಡುವೆ ಆರು ವರ್ಷ ಬದುಕಿ ಆಮೇಲೆ ಬಂದು ಸಾಕ್ಷಿ ಹೇಳು ಅಂದರೆ ಯಾರು ಹೇಳುತ್ತಾರೆ? ಅವರ ಹೇಳಿಕೆಯನ್ನು ಮೊದಲ ದಿನಗಳಲ್ಲೇ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಿ, ಅವರಿಗೆ ರಕ್ಷಣೆ ಕೊಟ್ಟು, ವಿಚಾರಣೆಯನ್ನು ಬೇಗ ನಡೆಸುವುದು ಸರ್ಕಾರದ ಹೊಣೆ.

ಇನ್ನೊಂದು ತುದಿಯಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿ ಇದೆ. 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ ಹೊಡೆದು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟಿಗಾಗಿ ಶುರುವಾದ ಜಗಳ ಅದಕ್ಕೆ ನೆಪ. ಅಲ್ಲಿ ಕೊಲೆ ನಡೆದಿರಲಿಲ್ಲ. ಆದರೂ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆ ಮೂವರಿಗೆ ಕಡಿಮೆ ಶಿಕ್ಷೆ ಯಾಕೆಂದರೆ ಅವರು ಸ್ವತಃ ಪರಿಶಿಷ್ಟ ಸಮುದಾಯದವರು, ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. ಗುಂಪಿನಲ್ಲಿದ್ದವರೆಲ್ಲ ಹೊಣೆ ಅನ್ನುವ ತತ್ವ ಇಷ್ಟು ಪೂರ್ತಿಯಾಗಿ ಜಾರಿಯಾದ ತೀರ್ಪು ಅಪರೂಪ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು.

ಈ ತೀರ್ಪು ಬಂದಾಗ ನನಗೆ ಸಮಾಧಾನ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷ ಕಾದವರಿಗೆ ನಿಮ್ಮ ಮಾತು ನಂಬಿದೆವು ಅಂತ ಒಂದು ನ್ಯಾಯಾಲಯ ಹೇಳಿತು. ಮೇಲ್ಮನವಿಯಲ್ಲಿ ಅದು ಉಳಿಯಬೇಕಾದರೆ 98 ಜನರಲ್ಲಿ ಒಬ್ಬೊಬ್ಬರ ಎದುರಿಗೂ ಅವರದ್ದೇ ಆದ ಸಾಕ್ಷ್ಯ ಇರಬೇಕು. ಮಸಾಲ್ತಿಯ ಅಳತೆ ಕೆಲಸಕ್ಕೆ ಬರುವುದು ಅಲ್ಲೇ.

ಕೊಲೆಯಿಂದ ಒಂದು ಮೆಟ್ಟಿಲು ಕೆಳಗೆ

ಶಿಕ್ಷೆಯಾದಾಗಲೂ ಎಷ್ಟೋ ಸಲ ಅದು ಕೊಲೆಗೆ ಆಗುವುದಿಲ್ಲ. ಜಾರ್ಖಂಡಿನ ಸರಾಯ್ಕೆಲಾದಲ್ಲಿ 2019ರ ಜೂನ್‌ನಲ್ಲಿ ಕಳ್ಳತನದ ಆರೋಪ ಹೊರಿಸಿ ಯುವಕನೊಬ್ಬನನ್ನು ಕಂಬಕ್ಕೆ ಕಟ್ಟಿ ರಾತ್ರಿಯೆಲ್ಲ ಹೊಡೆದರು. ಧಾರ್ಮಿಕ ಘೋಷಣೆ ಕೂಗಿಸಿದರು. ಪೊಲೀಸರು ಬಂದು ಅವನನ್ನೇ ಕಳ್ಳತನದ ಕೇಸಿನಲ್ಲಿ ಜೈಲಿಗೆ ಕಳಿಸಿದರು. ನಾಲ್ಕು ದಿನದಲ್ಲಿ ಸತ್ತ. ಹೃದಯಸ್ತಂಭನ ಅಂತ ಕಾರಣ ಕೊಟ್ಟು ಪೊಲೀಸರು ಕೊಲೆ ಕಲಂ ಕೈಬಿಟ್ಟಿದ್ದರು. ಗದ್ದಲವಾದ ಮೇಲೆ ಮತ್ತೆ ಸೇರಿಸಿದರು. ಕೊನೆಗೆ 2023ರಲ್ಲಿ ಹತ್ತು ಜನರಿಗೆ ಶಿಕ್ಷೆಯಾಯಿತು, ಆದರೆ ಐಪಿಸಿಯ 304ರ ಮೊದಲ ಭಾಗದಲ್ಲಿ, ಅಂದರೆ ಕೊಲೆಯಲ್ಲದ ನರಹತ್ಯೆಗೆ, ಹತ್ತು ವರ್ಷ. ಅಲ್ವರ್ ಜಿಲ್ಲೆಯ ಲಾಲಾವಂಡಿಯ 2018ರ ಪ್ರಕರಣದಲ್ಲೂ ನಾಲ್ವರಿಗೆ ಅದೇ ಕಲಂ, ಏಳು ವರ್ಷ. ಅಲ್ಲಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಪೊಲೀಸರು ಸುಮಾರು ಮೂರು ಗಂಟೆ ತೆಗೆದುಕೊಂಡದ್ದು ದೊಡ್ಡ ವಿವಾದವಾಗಿತ್ತು.

ಗುಂಪು ಹೊಡೆದಾಗ ದೇಹದ ಮೇಲೆ ಒಂದು ದೊಡ್ಡ ಗಾಯದ ಬದಲು ನೂರು ಸಣ್ಣ ಗಾಯಗಳಿರುತ್ತವೆ. ಯಾವುದೂ ಒಂಟಿಯಾಗಿ ಪ್ರಾಣಾಂತಿಕ ಅಲ್ಲ ಅಂತ ವೈದ್ಯರು ಬರೆದರೆ ಕೊಲೆ ಕೆಳಗಿಳಿಯಲು ದಾರಿಯಾಗುತ್ತದೆ. ಎಲ್ಲ ಗಾಯಗಳೂ ಸೇರಿ ಸಹಜವಾಗಿ ಸಾವು ತರುವಷ್ಟಿದ್ದವೇ ಅನ್ನುವ ಪ್ರಶ್ನೆಯನ್ನು ತನಿಖಾಧಿಕಾರಿ ವೈದ್ಯರಿಗೆ ಲಿಖಿತವಾಗಿ ಕೇಳಬೇಕು. ಕೇಳದಿದ್ದರೆ ಉತ್ತರವೂ ಕಡತದಲ್ಲಿ ಇರುವುದಿಲ್ಲ.

ಹೊಡೆದವರು ಕೊಡುವ ಸಮರ್ಥನೆ ಒಂದೇ: ನಾವು ಕಳ್ಳನನ್ನು ಹಿಡಿದೆವು. ಕಣ್ಣೆದುರು ಗಂಭೀರ ಅಪರಾಧ ಮಾಡಿದವನನ್ನು ಸಾರ್ವಜನಿಕರು ಹಿಡಿಯಬಹುದು, ನಿಜ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಆ ಹಕ್ಕು ಕೊಡುತ್ತದೆ. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಹಿಡಿಯುವುದು ಅಷ್ಟೇ, ಒಂದು ಏಟು ಹಾಕುವ ಹಕ್ಕೂ ಅದರಲ್ಲಿಲ್ಲ.

ಮೆಸೇಜು ಹರಡಿದವರ ಹೊಣೆ ಬೇರೆ. ಹೊಡೆಯಿರಿ ಅಂತ ಪ್ರಚೋದಿಸಿದವನು ಸ್ಥಳದಲ್ಲಿ ಇಲ್ಲದಿದ್ದರೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಾಗುತ್ತಾನೆ. ಸ್ಥಳದಲ್ಲೂ ಇದ್ದರೆ ತಾನೇ ಕೃತ್ಯ ಮಾಡಿದ ಹಾಗೆ. ಸುಳ್ಳು ವದಂತಿ ಹಬ್ಬಿಸುವುದಕ್ಕೆ ನ್ಯಾಯ ಸಂಹಿತೆಯ 353ನೇ ಕಲಂ ಇದೆ. ಮುರ್ಕಿ ಪ್ರಕರಣದಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಬಂಧನವಾಗಿತ್ತು. ಆದರೆ ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರ ಪೋಸ್ಟಿಗೆ ಹೊಣೆಯಾಗುವುದಿಲ್ಲ ಅಂತ ಆಮೇಲೆ ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಅವನೇ ಏನು ಬರೆದ, ಏನು ಫಾರ್ವರ್ಡ್ ಮಾಡಿದ ಅಂತ ತೋರಿಸಬೇಕು.

ಪೂನಾವಾಲಾ ತೀರ್ಪು ಪ್ರತಿ ಜಿಲ್ಲೆಗೂ ಗುಂಪು ಹತ್ಯೆ ತಡೆಯುವ ಹೊಣೆ ಹೊತ್ತ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಬೇಕು ಅಂತ ಹೇಳಿತ್ತು. ಸತ್ತವರ ಕುಟುಂಬಕ್ಕೆ 30 ದಿನದೊಳಗೆ ಮಧ್ಯಂತರ ಪರಿಹಾರ, ತ್ವರಿತ ನ್ಯಾಯಾಲಯದಲ್ಲಿ ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ವಿಚಾರಣೆ, ಕರ್ತವ್ಯ ಮರೆತ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ, ಇವೂ ಅದರಲ್ಲಿವೆ. ನಿಮ್ಮ ಜಿಲ್ಲೆಯ ನೋಡಲ್ ಅಧಿಕಾರಿ ಯಾರು ಅಂತ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು.

ಇನ್ನು ಅಲ್ಲಿ ನಿಂತು ನೋಡಿದವರು, ಫೋನಿನಲ್ಲಿ ಹಿಡಿದವರು. ಅವರು ಆರೋಪಿಗಳಲ್ಲ. ಕೊಲೆಯ ಬಗ್ಗೆ ಗೊತ್ತಿದ್ದವರು ಪೊಲೀಸರಿಗೆ ತಿಳಿಸಬೇಕು ಅಂತ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ವಿಡಿಯೊ ಇದ್ದರೆ ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅಳಿಸಬೇಡಿ, ಎಡಿಟ್ ಮಾಡಬೇಡಿ. ಫೋನಿನ ಸಮೇತ ಠಾಣೆಗೆ ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಕೊಡಿ. ಭಯವಿದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಅದನ್ನು ನೋಡುವುದು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಬೆದರಿಕೆ ಎಷ್ಟಿದೆ ಅಂತ ಡಿವೈಎಸ್‌ಪಿ ದರ್ಜೆಯ ಅಧಿಕಾರಿ ವರದಿ ಕೊಡಬೇಕು. ಗುರುತು ಮುಚ್ಚಿಡುವುದು, ಮನೆ ಹತ್ತಿರ ಗಸ್ತು, ಕೋರ್ಟಿಗೆ ಕರೆದುಕೊಂಡು ಹೋಗಿ ಬರುವ ವ್ಯವಸ್ಥೆ, ತಾತ್ಕಾಲಿಕವಾಗಿ ಬೇರೆ ಊರಿನಲ್ಲಿ ವಾಸ, ಇವೆಲ್ಲ ಅದರಲ್ಲಿ ಸಿಗುತ್ತವೆ. ಅರ್ಜಿ ಹಾಕಲು ವಕೀಲರೇ ಬೇಕು ಅಂತಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದರೆ ಬರೆದುಕೊಡುತ್ತಾರೆ.